ಬೆಳಗಿನ ಆರರ ಬ್ಯಾಚು

ಧಾರವಾಡದಲ್ಲಿ ಡಿಗ್ರಿ ಕೊನೆಯ ವರ್ಷಕ್ಕೆ ಬಂದವರನ್ನು ಗುರುತಿಸುವುದು ಒಂದು ಕಾಲಕ್ಕೆ ಬಹಳ ಸುಲಭವಿತ್ತು. ಅವರ ಬಲಗೈಯ ಬೆರಳಿಗೆ ಮಸಿ ಹತ್ತಿರುತ್ತಿತ್ತು. ಪೆನ್ನಿನ ಮಸಿಯಲ್ಲ, ಟೈಪ್‌ರೈಟರಿನ ರಿಬ್ಬನ್ನಿನದು. ಎರಡು ಕೀಲಿ ಒಮ್ಮೆಲೇ ಒತ್ತಿದರೆ ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಬಿಡಿಸಲು ಕೈ ಹಾಕಿದವರಿಗೆ ಆ ಮಸಿ ತಪ್ಪಿದ್ದಲ್ಲ. ಸೋಪಿಗೂ ಅದು ಬೇಗ ಬಗ್ಗುತ್ತಿರಲಿಲ್ಲ. ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ ನೀಡುವ ಅಕ್ಕ ಆ ಬೆರಳು ನೋಡಿಯೇ "ಫೈನಲ್ ಇಯರ್ ಏನೋ ತಮ್ಮಾ?" ಎಂದು ಕೇಳುತ್ತಿದ್ದಳು.

ಮಸಿ ಹಚ್ಚುವ ಅಂಗಡಿಗಳಲ್ಲಿ ನಮ್ಮದೂ ಒಂದು. ಅಪ್ಪ ಶುರು ಮಾಡಿದ, ನಾನು ಮುಚ್ಚಿದೆ. ನಡುವಿನ ನಾಲ್ಕು ದಶಕಗಳಲ್ಲಿ ಈ ಊರಿನ ಕೊನೆಯ ವರ್ಷದ ಹುಡುಗ ಹುಡುಗಿಯರನ್ನು ನಾನು ಕಂಡಷ್ಟು ಹತ್ತಿರದಿಂದ ಅವರ ಪ್ರೊಫೆಸರುಗಳೂ ಕಂಡಿರಲಿಕ್ಕಿಲ್ಲ. ಕ್ಲಾಸಿನಲ್ಲಿ ಅವರು ಶೇಕ್ಸ್‌ಪಿಯರ್, ಅರ್ಥಶಾಸ್ತ್ರ ಕೇಳುತ್ತಿದ್ದರು. ನನ್ನ ಮುಂದೆ ಕೂತಾಗ ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು: ನೌಕರಿ.

ಈ ಊರು ಕಾಲೇಜಿನ ಊರಾದದ್ದು 1917ರಲ್ಲಿ, ಕರ್ನಾಟಕ ಕಾಲೇಜು ತೆರೆದ ಮೇಲೆ. ಅದಕ್ಕೂ ಮೊದಲು ಮೆಟ್ರಿಕ್ ದಾಟಿದವರು ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ದ.ರಾ. ಬೇಂದ್ರೆಯವರೂ ಹಾಗೆ ಹೋದವರೇ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ 1918ರಲ್ಲಿ ಬಿ.ಎ. ಮುಗಿಸಿ ಬಂದು ಸಾಲಿ ಮಾಸ್ತರಾದರು. ಒಂದು ಕವಿತೆಯ ಕಾರಣಕ್ಕೆ ಸೆರೆಮನೆ ಕಂಡರು, ವರ್ಷಗಟ್ಟಲೆ ನೌಕರಿಯಿಲ್ಲದೆ ಸಂಸಾರ ಜಗ್ಗಿದರು. 1935ರಲ್ಲಿ ಎಂ.ಎ. ಮಾಡಿಕೊಂಡರು. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕದ್ದು 1944ರಲ್ಲಿ, ಅಂದರೆ ಅವರಿಗೆ ನಲವತ್ತೆಂಟು ತುಂಬಿದ ಮೇಲೆ. ಡಿಗ್ರಿ ಮುಗಿಸಿದವನಿಗೆ ಆಗಿನ ಕಾಲದಲ್ಲಿ ಮನೆ ಬಾಗಿಲಿಗೇ ನೌಕರಿ ಬರುತ್ತಿತ್ತು ಎಂದು ಕಟ್ಟೆಯ ಮೇಲೆ ಕೂತ ಹಿರಿಯರು ಹೇಳಿದಾಗಲೆಲ್ಲ ನಾನು ಈ ಲೆಕ್ಕ ಒಪ್ಪಿಸುತ್ತೇನೆ. ಅವರು ಬೇಂದ್ರೆಯವರ ಮನೆಯಿರುವ ಸಾಧನಕೇರಿಯ ಕಡೆ ನೋಡಿ ಸುಮ್ಮನಾಗುತ್ತಾರೆ.

ಕರ್ನಾಟಕ ಕಾಲೇಜು ಈಗಿರುವ ಕಲ್ಲಿನ ಕಟ್ಟಡವನ್ನು ಕಟ್ಟಿದ್ದು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಗೆಂದು. ರೈಲ್ವೆಯವರು ಬಿಟ್ಟ ಮೇಲೆ ಕಾಲೇಜು ಅಲ್ಲಿಗೆ ಬಂತು. "ಕಾರಕೂನರು ಕುಂಡ್ರೋ ಜಾಗಾದಾಗ ಈಗ ಕಾರಕೂನರನ್ನ ತಯಾರು ಮಾಡಾಕತ್ತಾರ" ಎಂದು ಅಪ್ಪ ನಗುತ್ತಿದ್ದ. ಅವನಿಗೆ ಹಾಗೆ ನಗುವ ಹಕ್ಕಿತ್ತು, ಅವನೇ ಮುಂಬಯಿಯ ಒಂದು ಕಚೇರಿಯಲ್ಲಿ ಸ್ಟೆನೊ ಆಗಿ ಬೆರಳು ಸವೆಸಿದವನು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂತು. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಗಳಾಗಿದ್ದು ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಅದನ್ನು ಕಟ್ಟಿ ನಿಲ್ಲಿಸಿದರು. ಗದಗ, ವಿಜಾಪುರ, ಬೆಳಗಾವಿ, ಕಾರವಾರದ ಕಡೆಯಿಂದ, ಮನೆಯಲ್ಲಿ ತಾವೇ ಮೊದಲು ಓದಿದವರು ಎನ್ನುವಂಥ ಮಕ್ಕಳು ಬಸ್ಸಿನ ಮೇಲೆ ಟ್ರಂಕು ಹೇರಿಕೊಂಡು ಇಳಿಯತೊಡಗಿದರು. ಇಷ್ಟು ಮಂದಿಗೆ ಡಿಗ್ರಿಯೊಂದೇ ಅನ್ನ ಹಾಕುವುದಿಲ್ಲ ಎಂಬುದು ಅಪ್ಪನ ಅಂದಾಜು. ಮುಂಬಯಿ ಬಿಟ್ಟು ಬಂದವನೇ ನಾಲ್ಕು ಹಳೆಯ ರೆಮಿಂಗ್ಟನ್ ಮಶೀನು ಹಾಕಿದ.

1956ರ ನವೆಂಬರ್ ಒಂದನೇ ತಾರೀಖಿಗೆ ಧಾರವಾಡ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಚರಿತ್ರೆ ಬರೆಯುವವರು ಅದನ್ನು ಏಕೀಕರಣ ಎಂದು ಸಂಭ್ರಮದಿಂದ ಬರೆಯುತ್ತಾರೆ, ಬರೆಯಬೇಕಾದ್ದೇ. ನಮ್ಮ ಅಂಗಡಿಯಲ್ಲಿ ಅದು ಕಂಡದ್ದು ಲಕೋಟೆಯ ಮೇಲೆ. ಅಲ್ಲಿಯವರೆಗೆ ಅರ್ಜಿಗಳೆಲ್ಲ ಮುಂಬಯಿ, ಪುಣೆಗೆ ಹೋಗುತ್ತಿದ್ದವು. ಆಮೇಲೆ ನಿಧಾನಕ್ಕೆ ಬೆಂಗಳೂರಿನ ವಿಳಾಸಕ್ಕೆ ತಿರುಗಿದವು. ಮುಂಬಯಿಯಲ್ಲಾದರೆ ಚಾಳಿನಲ್ಲಿ ಚಿಕ್ಕಪ್ಪನೋ ಊರಿನವನೋ ಒಬ್ಬ ಇರುತ್ತಿದ್ದ, ರಾತ್ರಿ ಮಲಗಲು ಒಂದು ಚಾಪೆ ಸಿಗುತ್ತಿತ್ತು. ಬೆಂಗಳೂರಿನಲ್ಲಿ ಹುಡುಗರಿಗೆ ಯಾರೂ ಇರಲಿಲ್ಲ. ಇಂಟರ್‌ವ್ಯೂಗೆ ಹೋದವರು ಮೆಜೆಸ್ಟಿಕ್ಕಿನ ಲಾಡ್ಜಿಗೆ ದುಡ್ಡು ಸುರಿದು ಬರುತ್ತಿದ್ದರು.

ಕೊನೆಯ ವರ್ಷವೇ ಟೈಪಿಂಗಿಗೆ ಯಾಕೆ ಬರುತ್ತಿದ್ದರು? ಓದು ಹೆಚ್ಚು, ಪೇಪರು ಹೆಚ್ಚು, ಮೂರು ವರ್ಷದ ಹಣೆಬರಹ ನಿರ್ಧಾರವಾಗುವ ವರ್ಷ. ಬುದ್ಧಿಯಿದ್ದವರು ಮೊದಲ ವರ್ಷವೇ ಕಲಿತು ಮುಗಿಸಬೇಕು. ಹೊಸದಾಗಿ ಬಂದ ಲೆಕ್ಚರರು ನನ್ನನ್ನು ಹಾಗೆ ಕೇಳುತ್ತಿದ್ದರು. ಉತ್ತರ ಹಾಸ್ಟೆಲಿನ ನಿಯಮದಲ್ಲಿತ್ತು. ಹಾಸ್ಟೆಲ್ ರೂಮು, ಮುರುಘಾಮಠದ ಪ್ರಸಾದ ನಿಲಯದ ಊಟ, ಸಂಬಂಧಿಕರ ಮನೆಯ ಪಡಸಾಲೆಯ ಮೂಲೆ, ಎಲ್ಲವೂ ಓದುವವರೆಗೆ ಮಾತ್ರ. ಏಪ್ರಿಲ್ಲಿನಲ್ಲಿ ಕೊನೆಯ ಪೇಪರು ಬರೆದ ಮರುದಿನ ಟ್ರಂಕು ಕಟ್ಟಬೇಕು. ಹಳ್ಳಿಗೆ ಹೋದರೆ ಅಲ್ಲಿ ಟೈಪ್‌ರೈಟರ್ ಇಲ್ಲ, ಉದ್ಯೋಗ ವಿನಿಮಯ ಕೇಂದ್ರವಿಲ್ಲ, ಜಾಹೀರಾತು ನೋಡಲು ಇಂಗ್ಲಿಷ್ ಪೇಪರೂ ಇಲ್ಲ. ಪಟ್ಟಣದಲ್ಲಿ ಕಾಲೂರಲು ಜಾಗವಿದ್ದ ಕೊನೆಯ ಹತ್ತು ತಿಂಗಳು ಅವು. ಮೊದಲ ಎರಡು ವರ್ಷ ನೌಕರಿಯ ಚಿಂತೆ ಬಂದಿರುವುದಿಲ್ಲ, ಬಂದ ಮೇಲೆ ಪುರುಸೊತ್ತಿರುವುದಿಲ್ಲ. ಹೀಗಾಗಿ ಓದಿನ ಹೊರೆ ಎಲ್ಲಕ್ಕಿಂತ ಭಾರವಾದ ವರ್ಷವೇ ಎರಡನೆಯ ಓದನ್ನೂ ತಲೆಯ ಮೇಲೆ ಹೊರುವುದು ಈ ಊರಿನ ರೂಢಿಯಾಯಿತು.

ಹೊತ್ತು ಹೊಂದಿಸಿದ್ದು ಅಪ್ಪನೇ. ಕಾಲೇಜಿನ ಮೊದಲ ಪಿರಿಯಡ್ಡಿಗೆ ಮುಟ್ಟಬೇಕಾದವರಿಗೆ ಬೆಳಗಿನ ಆರರ ಬ್ಯಾಚು. ಜನವರಿಯ ಧಾರವಾಡದ ಚಳಿ ಗೊತ್ತಿದ್ದವರಿಗೆ ಇದರ ಕಷ್ಟ ಗೊತ್ತು. ಬೆರಳು ಸೆಟೆದು ಕೀಲಿ ಇಳಿಯುತ್ತಲೇ ಇರಲಿಲ್ಲ. ಹುಡುಗರು ಮೊದಲ ಐದು ನಿಮಿಷ ಅಂಗೈ ಉಜ್ಜುತ್ತ ಕೂಡುತ್ತಿದ್ದರು. ಆಮೇಲೆ ಎ-ಎಸ್-ಡಿ-ಎಫ್, ಸೆಮಿಕೋಲನ್-ಎಲ್-ಕೆ-ಜೆ. ಒಂದೊಂದು ಬೆರಳಿಗೆ ಒಂದೊಂದು ಮನೆ. ಕೀಲಿ ನೋಡಬಾರದು, ಎದುರಿನ ಪುಸ್ತಕವನ್ನೇ ನೋಡಬೇಕು. ನೋಡುವವರಿಗೆ ನಾವು ಕೀಲಿಮಣೆಯ ಮೇಲೆ ಹಳೆಯ ಕರ್ಚೀಫು ಮುಚ್ಚುತ್ತಿದ್ದೆವು. ಕಿರುಬೆರಳು ಯಾವತ್ತೂ ಸೋಮಾರಿ. ಅದಕ್ಕೆ ಕೊಟ್ಟ 'ಎ' ಅಕ್ಷರ ಕಾಗದದ ಮೇಲೆ ತಿಂಗಳುಗಟ್ಟಲೆ ಮಂಕಾಗಿಯೇ ಮೂಡುತ್ತಿತ್ತು. ಸಾಲು ಮುಗಿಯಲು ಬಂದಾಗ ಗಂಟೆ ಬಾರಿಸುತ್ತದೆ, ಎಡಗೈಯಿಂದ ಸನ್ನೆ ತಳ್ಳಿ ಮುಂದಿನ ಸಾಲಿಗೆ ಹೋಗಬೇಕು. ಹದಿನೆಂಟು ಮಶೀನು ಒಟ್ಟಿಗೆ ನಡೆದಾಗ ಮಾತು ಕೇಳಿಸುತ್ತಿರಲಿಲ್ಲ. ಆದರೆ ಯಾರ ಗಂಟೆ ಎಷ್ಟು ಹೊತ್ತಿಗೊಮ್ಮೆ ಬಾರಿಸುತ್ತದೆ ಎಂಬುದರ ಮೇಲೆ ಅವರ ವೇಗ ನನಗೆ ಬೆನ್ನು ತಿರುಗಿಸಿ ಕೂತರೂ ತಿಳಿಯುತ್ತಿತ್ತು. ಐದು ಪೆಟ್ಟಿಗೆ ಒಂದು ಶಬ್ದ ಎಂಬುದು ಲೆಕ್ಕ. ನೀವು ಒತ್ತಿದ್ದು ಯಾವ ಶಬ್ದವೇ ಇರಲಿ, ಅದರ ಅರ್ಥ ಯಾರಿಗೂ ಬೇಡ.

ಪರೀಕ್ಷೆ ಸರಕಾರದ್ದು: ಜೂನಿಯರ್, ಸೀನಿಯರ್, ಅದರ ಮೇಲೆ ಪ್ರೊಫಿಶಿಯನ್ಸಿ. ಕೇಂದ್ರಕ್ಕೆ ಮಶೀನು ನಾವೇ ಒಯ್ಯಬೇಕು. ಪರೀಕ್ಷೆಯ ಹಿಂದಿನ ದಿನ ಚಕ್ಕಡಿ, ಕೈಗಾಡಿ, ಟಾಂಗಾ, ಸಿಕ್ಕಿದ್ದರಲ್ಲಿ ಗೋಣಿಚೀಲ ಹಾಸಿ ಮಶೀನು ಹೇರಿಕೊಂಡು ಊರಿನ ಎಲ್ಲ ಇನ್‌ಸ್ಟಿಟ್ಯೂಟಿನವರೂ ಹೊರಡುತ್ತಿದ್ದರು. ಹುಡುಗರು ಗಾಡಿಯ ಎರಡೂ ಬದಿ ಹಿಡಿದು ನಡೆಯುತ್ತಿದ್ದರು, ಒಂದು ಮಶೀನು ಜಾರಿದರೆ ಒಬ್ಬನ ಆರು ತಿಂಗಳು ಹೋದಂತೆ. ತಾವು ರೂಢಿ ಮಾಡಿದ ಮಶೀನೇ ಬೇಕು ಎಂದು ಜಗಳ. ಗೋದ್ರೆಜಿನ ಕೀಲಿ ಗಡಸು, ಹಾಲ್ಡಾದ ಕೀಲಿ ಹಗುರ, ರೆಮಿಂಗ್ಟನ್ನಿಗೆ ಅದರದೇ ಗತ್ತು. ಇಂಗ್ಲಿಷ್ ಎಂ.ಎ. ಮಾಡುತ್ತಿದ್ದ ಹುಡುಗನೊಬ್ಬ, ಈಗ ನಿವೃತ್ತ ಅಧಿಕಾರಿ, ಮಿಲ್ಟನ್ ಪೇಪರಿಗಿಂತ ಆ ಕೈಗಾಡಿಯ ಹಿಂದೆ ನಡೆದಾಗಲೇ ತನಗೆ ಹೆಚ್ಚು ಎದೆ ಹೊಡೆದುಕೊಂಡಿತ್ತು ಎನ್ನುತ್ತಾನೆ.

ಕಲಿಸುವುದು ಒಂದು ದಂಧೆಯಾದರೆ ಇನ್ನೊಂದು ಜಾಬ್ ಟೈಪಿಂಗ್. ಫೆಬ್ರುವರಿ, ಮಾರ್ಚಿನಲ್ಲಿ ಎಂ.ಎ., ಎಂ.ಎಸ್ಸಿ. ಕೊನೆಯ ವರ್ಷದವರ ಪ್ರಬಂಧಗಳ ಸುಗ್ಗಿ. ಮೂರು ಪ್ರತಿ, ನಡುವೆ ಎರಡು ಕಾರ್ಬನ್. ಮೂರನೆಯ ಪ್ರತಿಯಲ್ಲಿ ಅಕ್ಷರ ಮಬ್ಬಾಗುತ್ತದೆ, ಅದು ಯಾವಾಗಲೂ ವಿದ್ಯಾರ್ಥಿಯ ಪಾಲಿಗೆ. ಗೈಡು ಕೊನೆಯ ಗಳಿಗೆಯಲ್ಲಿ ಒಂದು ಪ್ಯಾರಾ ಸೇರಿಸಿದರೆ ಅಧ್ಯಾಯಕ್ಕೆ ಅಧ್ಯಾಯವೇ ಮತ್ತೆ ಹೊಡೆಯಬೇಕು. ಈಗಿನವರು ಒಂದು ಸಾಲು ಅಳಿಸಿ ಇನ್ನೊಂದು ಸೇರಿಸಿ ಮುಗಿಸುತ್ತಾರಲ್ಲ, ಆಗ ಅದಕ್ಕಾಗಿ ರಾತ್ರಿ ಎರಡರವರೆಗೆ ನಾನೂ ಅವನೂ ಚಹಾ ಕುಡಿಯುತ್ತ ಕೂತಿರುತ್ತಿದ್ದೆವು. ಬೆಳಗಿನ ಬ್ಯಾಚಿನಲ್ಲಿ ಕಲಿತವರು ತಮ್ಮ ಪ್ರಬಂಧವನ್ನು ತಾವೇ ಹೊಡೆದುಕೊಂಡು ಹಣ ಉಳಿಸುತ್ತಿದ್ದರು, ಗೆಳೆಯರದ್ದು ಹೊಡೆದು ಪುಟಕ್ಕಿಷ್ಟು ಎಂದು ಗಳಿಸುತ್ತಿದ್ದರು. ಖಾನಾವಳಿಯ ಎರಡು ತಿಂಗಳ ಬಾಕಿಯನ್ನು ಇತಿಹಾಸ ವಿಭಾಗದ ಪ್ರಬಂಧಗಳಿಂದಲೇ ತೀರಿಸಿದವರನ್ನು ನಾನು ಬಲ್ಲೆ.

ಎಲ್ಲಕ್ಕಿಂತ ಹೆಚ್ಚು ಹೊಡೆದದ್ದು ಟ್ರೂ ಕಾಪಿ. ಜೆರಾಕ್ಸ್ ಬರುವ ಮುಂಚೆ ಪ್ರತಿ ಅರ್ಜಿಯ ಜೊತೆಗೂ ಅಂಕಪಟ್ಟಿಯ ನಕಲನ್ನು ಟೈಪ್ ಮಾಡಿಯೇ ಇಡಬೇಕಿತ್ತು. ಹತ್ತು ಅರ್ಜಿಗೆ ಹತ್ತು ಅಂಕಪಟ್ಟಿ, ಹತ್ತು ಜನ್ಮ ದಿನಾಂಕದ ದಾಖಲೆ, ಹತ್ತು ನಡತೆಯ ಪ್ರಮಾಣಪತ್ರ. ಕೆಳಗೆ ಗೆಜೆಟೆಡ್ ಅಧಿಕಾರಿಯ ಸಹಿ, ಹಸಿರು ಮಸಿ, ದುಂಡು ಸಿಕ್ಕೆ. ಕಾಲೇಜಿನ ಪ್ರಿನ್ಸಿಪಾಲರು ಪುರುಸೊತ್ತಿಲ್ಲ ಎಂದರೆ ಹುಡುಗರು ಪಶುವೈದ್ಯರ ಹತ್ತಿರ ಓಡುತ್ತಿದ್ದರು. ಅವರೂ ಗೆಜೆಟೆಡ್, ಅವರ ಮುಂದೆ ಸಾಲೂ ಕಡಿಮೆ. ಎಮ್ಮೆಗೆ ಸೂಜಿ ಚುಚ್ಚಿ ಕೈ ತೊಳೆದುಕೊಂಡು ಬಂದು ಬಿ.ಎ. ಪ್ರಥಮ ದರ್ಜೆ ನಿಜವೆಂದು ಸಹಿ ಹಾಕುತ್ತಿದ್ದರು.

ಆಮೇಲೆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್. ಎರಡನೆಯ ಮಹಾಯುದ್ಧದಿಂದ ಮರಳಿ ಬರುತ್ತಿದ್ದ ಸಿಪಾಯಿಗಳಿಗೆ ಕೆಲಸ ಹುಡುಕಿಕೊಡಲು 1945ರಲ್ಲಿ ತೆರೆದ ಕಚೇರಿಗಳವು. ನಂತರ ಎಲ್ಲರಿಗೂ ತೆರೆದುಕೊಂಡವು, 1956ರಲ್ಲಿ ರಾಜ್ಯಗಳ ಕೈಗೆ ಬಂದವು. ಖಾಲಿ ಹುದ್ದೆಗಳನ್ನು ಈ ಕಚೇರಿಗೆ ತಿಳಿಸಲೇಬೇಕೆಂದು 1959ರಲ್ಲಿ ಕಾಯಿದೆಯೂ ಆಯಿತು. ಫಲಿತಾಂಶ ಬಂದ ದಿನವೇ ಹೆಸರು ಹಚ್ಚಬೇಕು, ಯಾಕೆಂದರೆ ಅಲ್ಲಿ ಸರದಿ ತಾರೀಖಿನ ಮೇಲೆ. ಒಂದು ವಾರ ತಡವಾದರೆ ನೂರಾರು ಮಂದಿ ಮುಂದೆ ಹೋಗಿರುತ್ತಿದ್ದರು. ಕೈಗೊಂದು ಕಾರ್ಡು ಕೊಡುತ್ತಿದ್ದರು, ಅವಧಿ ಮುಗಿಯುವ ಮೊದಲು ಮರುನೋಂದಣಿ ಮಾಡಿಸದಿದ್ದರೆ ಹಿರಿತನ ಹೋಯಿತು. ಮದುವೆಯಾಗಿ ಗಂಡನ ಮನೆಗೆ ಹೋದ ಹೆಣ್ಣುಮಕ್ಕಳ ಕಾರ್ಡನ್ನು ತವರಿನವರು ವರ್ಷಗಟ್ಟಲೆ ಜೋಪಾನವಾಗಿ ನವೀಕರಿಸುತ್ತಿದ್ದರು. ಆ ಕಾರ್ಡಿನಲ್ಲಿ ಡಿಗ್ರಿಯ ಕೆಳಗೆ 'ಟೈಪಿಂಗ್ ಸೀನಿಯರ್, ಇಂಗ್ಲಿಷ್' ಎಂದು ಒಂದು ಸಾಲು ಇದ್ದರೆ ನೀವು ಇನ್ನೊಂದು ಪಟ್ಟಿಗೂ ಸೇರಿದಿರಿ. ನಮ್ಮ ಅಂಗಡಿಯ ಬೆಲೆ ಆ ಒಂದು ಸಾಲಿನದು.

ಅದರಿಂದ ಎಲ್ಲರಿಗೂ ನೌಕರಿ ಸಿಕ್ಕಿತೆಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಬಂದವರಲ್ಲಿ ಟೈಪಿಸ್ಟ್ ಆದವರು ಕಡಿಮೆ. ಗಂಡುಮಕ್ಕಳಿಗೆ ಆ ಹುದ್ದೆಯ ಮೇಲೆ ಮನಸ್ಸೂ ಇರಲಿಲ್ಲ, ಅದು ಬೇರೆ ಏನೂ ಆಗದಿದ್ದರೆ ಇರಲಿ ಎಂಬ ಆಧಾರ. ನಿಜವಾಗಿ ಬದುಕು ಬದಲಾದದ್ದು ಹುಡುಗಿಯರದು. ಎಪ್ಪತ್ತರ ದಶಕದಲ್ಲಿ "ಎದುರುಮನಿ ಹುಡುಗಿ ಟೈಪಿಂಗ್ ಕಲ್ತು ಕಚೇರಿ ಸೇರ್ಯಾಳ" ಎಂಬ ಒಂದು ಮಾತು ಮಾಳಮಡ್ಡಿಯ ಎಷ್ಟೋ ತಂದೆಯರ ಬಾಯಿ ಮುಚ್ಚಿಸಿತು. ಬೆಳಗ್ಗೆ ಆರಕ್ಕೆ ಒಬ್ಬಳೇ ಮನೆಯಿಂದ ಹೊರಬೀಳಲು ಆ ಕಾಲದ ಹುಡುಗಿಗೆ ದೇವಸ್ಥಾನ ಬಿಟ್ಟರೆ ಇದ್ದ ಇನ್ನೊಂದು ಮಾನ್ಯವಾದ ಕಾರಣ ನಮ್ಮ ಕ್ಲಾಸು.

ಬ್ಯಾಂಕಿನ ಕಾಲ ಸ್ವಲ್ಪ ಬೇರೆ. 1969ರ ಜುಲೈಯಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಹಳ್ಳಿ ಹಳ್ಳಿಗೆ ಶಾಖೆ ತೆರೆದವು. 1976ರಲ್ಲಿ ಧಾರವಾಡದಲ್ಲೇ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಹುಟ್ಟಿತು. ಕಾರಕೂನ ಹುದ್ದೆಯ ಲಿಖಿತ ಪರೀಕ್ಷೆಗೆ ಗಣಿತ, ಇಂಗ್ಲಿಷ್, ರೀಸನಿಂಗ್. ಕೊನೆಯ ವರ್ಷದವರು ಈಗ ನನ್ನಲ್ಲಿಗೆ ಬರುವಾಗ ಬಗಲಲ್ಲಿ ಇನ್ನೊಂದು ದಪ್ಪ ಪುಸ್ತಕ ತರತೊಡಗಿದರು. ಕಾಲೇಜಿನ ಓದು, ಟೈಪಿಂಗು, ಬ್ಯಾಂಕಿನ ಓದು. ಮೂರು ಕುದುರೆ ಒಂದೇ ಗಾಡಿಗೆ ಕಟ್ಟಿದಂತೆ. ಎರಡನೆಯ ದರ್ಜೆಯ ಬಿ.ಕಾಂ. ಹುಡುಗ ಬ್ಯಾಂಕು ಸೇರಿ ಮೂರೇ ವರ್ಷಕ್ಕೆ ಸ್ಕೂಟರ್ ಕೊಂಡ, ಮೊದಲ ರ‍್ಯಾಂಕಿನ ಎಂ.ಎ. ಹುಡುಗ ಲೆಕ್ಚರರ್ ಹುದ್ದೆಗೆ ಕಾಯುತ್ತ ಕುರುಚಲು ಗಡ್ಡ ಬಿಟ್ಟ. ನೌಕರಿಯಿಲ್ಲದ ಪದವೀಧರರು ಎಷ್ಟು ಹೆಚ್ಚಿದರೆಂದರೆ ದೇವರಾಜ ಅರಸರ ಸರಕಾರ ಅವರನ್ನು ಸ್ಟೈಪೆಂಡರಿ ಪದವೀಧರರೆಂದು ಕಚೇರಿಗಳಲ್ಲಿ ಕೂಡ್ರಿಸಿ ತಿಂಗಳಿಗಿಷ್ಟು ಎಂದು ಕೊಟ್ಟಿತು. ಈಚಿನ ಯುವನಿಧಿಯ ಬಗ್ಗೆ, ಪದವೀಧರರಿಗೆ ಎರಡು ವರ್ಷ ತಿಂಗಳಿಗೆ 3,000 ರೂಪಾಯಿ ಕೊಡುತ್ತಾರಲ್ಲ, ಅದರ ಬಗ್ಗೆ ಜನ ಬಿಸಿಬಿಸಿ ವಾದ ಮಾಡುವಾಗ ನನಗೆ ಈ ಸ್ಟೈಪೆಂಡರಿಗಳು ನೆನಪಾಗುತ್ತಾರೆ. ಅವರಿಗೆ ಕೂಡಲು ಒಂದು ಕುರ್ಚಿಯನ್ನಾದರೂ ಕೊಟ್ಟಿದ್ದರು. ಆ ಕುರ್ಚಿಯ ಹಿಂದೆ ಕಾಯಂ ಆಗುವ ಆಸೆಯೂ ಇತ್ತು.

ಕನ್ನಡ ಮಶೀನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆ. ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆ ಇಲ್ಲದಿದ್ದರೆ ನಮ್ಮ ಭಾಷೆ ಆ ಸಣ್ಣ ಪೆಟ್ಟಿಗೆಯಲ್ಲಿ ಕೂಡುತ್ತಲೇ ಇರಲಿಲ್ಲ. ಅಕ್ಷರ ಒಂದು ಪೆಟ್ಟು, ಗುಣಿತ ಇನ್ನೊಂದು, ಒತ್ತು ಮತ್ತೊಂದು. ಇಂಗ್ಲಿಷಿನಲ್ಲಿ ಹಾರುತ್ತಿದ್ದವರು ಕನ್ನಡಕ್ಕೆ ಬಂದರೆ ತೆವಳುತ್ತಿದ್ದರು. ಎಂಬತ್ತರ ದಶಕದವರೆಗೆ ನಮ್ಮಲ್ಲಿ ಕನ್ನಡದ ಮಶೀನು ಎರಡೇ, ಅವೂ ಮೂಲೆಯಲ್ಲಿ. ಗೋಕಾಕ ಚಳವಳಿಯ ನಂತರ ಕಚೇರಿಗಳಲ್ಲಿ ಕನ್ನಡದ ಕಡತಗಳು ಹೆಚ್ಚಿದ ಹಾಗೆ ಮೂಲೆಯ ಮಶೀನು ಕಿಡಕಿಯ ಪಕ್ಕಕ್ಕೆ ಬಂತು, ಎರಡಿದ್ದದ್ದು ಏಳಾಯಿತು. ಹಳ್ಳಿಯ ಹುಡುಗರಿಗೆ ಮೊದಲ ಸಲ ಪೇಟೆಯ ಹುಡುಗರ ಮೇಲೆ ಒಂದು ಮೇಲುಗೈ ಸಿಕ್ಕಿದ್ದು ಅಲ್ಲಿ. ಅವರಿಗೆ ಕಾಗುಣಿತ ತಪ್ಪುತ್ತಿರಲಿಲ್ಲ.

ನಮ್ಮ ದಂಧೆ ಮುಳುಗಿದ್ದು ಮೆಲ್ಲಗೆ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ತರಬೇತಿಯ ಗಾಜಿನ ಬಾಗಿಲಿನ ಅಂಗಡಿಗಳು ಬಂದವು, ಒಳಗೆ ತಂಪು ಗಾಳಿ, ಹೊರಗೆ ಚಪ್ಪಲಿಯ ಸಾಲು. ನಮ್ಮಲ್ಲಿ ತಿಂಗಳಿಗೆ 40 ರೂಪಾಯಿ ಕೊಡಲು ಕೊಸರಾಡುತ್ತಿದ್ದ ಮನೆಯವರೇ ಅಲ್ಲಿ ಸಾವಿರಗಳಲ್ಲಿ ಕಟ್ಟಿದರು. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಪಟ್ಟಿಯಿಂದಷ್ಟೇ ಆರಿಸಿದರೆ ಸಾಲದು, ಪತ್ರಿಕೆಯಲ್ಲಿ ಪ್ರಕಟಿಸಿ ಎಲ್ಲರ ಅರ್ಜಿ ನೋಡಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಕಾರ್ಡಿನ ಹಿರಿತನಕ್ಕಿದ್ದ ತೂಕ ಇಳಿಯಿತು. ಅದು ಸರಿಯಾದ ತೀರ್ಪೇ. ಆದರೆ ಸರದಿ ಒಂದು ದಿನ ಬಂದೇ ಬರುತ್ತದೆಂದು ಹದಿನೈದು ವರ್ಷ ಕಾರ್ಡು ಕಾಪಾಡಿಕೊಂಡವರ ಮುಖ ನಾನು ನೋಡಿದ್ದೇನೆ. 1955ರಲ್ಲಿ ದೇಶದ ಮೊದಲ ಟೈಪ್‌ರೈಟರ್ ಮಾಡಿದ ಗೋದ್ರೆಜ್ ಕಂಪನಿ 2011ರ ಹೊತ್ತಿಗೆ ಅದನ್ನು ಮಾಡುವುದನ್ನೇ ಬಿಟ್ಟಿತ್ತು. ನಾನು ಅದಕ್ಕೂ ಮೊದಲೇ ಬಾಗಿಲು ಹಾಕಿದ್ದೆ. ಮಶೀನುಗಳಲ್ಲಿ ಕೆಲವು ಗುಜರಿಗೆ, ಎರಡು ಯಾರದೋ ಹೋಟೆಲಿನ ಶೋಕೇಸಿಗೆ.

ಈಗ ಸಪ್ತಾಪುರದ ಓಣಿಗಳಲ್ಲಿ ನಡೆದರೆ ಗೋಡೆಗೆಲ್ಲ ಕೋಚಿಂಗ್ ಸೆಂಟರಿನ ಬೋರ್ಡು: ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ., ಎಸ್.ಡಿ.ಎ. ಮಹಡಿ ಮಹಡಿಗೆ ರೀಡಿಂಗ್ ರೂಮು, ಪ್ಲೈವುಡ್ಡಿನ ಗೂಡು, ಗೂಡಿಗೊಂದು ಬಲ್ಬು, ತಿಂಗಳ ಬಾಡಿಗೆ. ಕೊನೆಯ ಸೆಮಿಸ್ಟರಿನವರು ಇಂಟರ್ನಲ್ಸು, ಅಸೈನ್‌ಮೆಂಟು, ಪ್ರಾಜೆಕ್ಟು ಮುಗಿಸಿ ರಾತ್ರಿ ಹತ್ತರವರೆಗೆ ಅಲ್ಲಿ ಕೂಡುತ್ತಾರೆ. ಇಷ್ಟರವರೆಗೆ ಹಳೆಯ ರೂಢಿಯೇ, ಎರಡನೆಯ ಓದು ಮಾತ್ರ ಬೇರೆ. ಆದರೆ ಒಂದು ವಿಷಯ ತಲೆಕೆಳಗಾಗಿದೆ. ಆಗ ಊರು ಹುಡುಗರನ್ನು ಏಪ್ರಿಲ್ಲಿನಲ್ಲಿ ಹೊರಹಾಕುತ್ತಿತ್ತು. ಈಗ ಹಿಡಿದಿಟ್ಟುಕೊಳ್ಳುತ್ತದೆ. ಡಿಗ್ರಿ ಮುಗಿಸಿ ನಾಲ್ಕು, ಐದು, ಏಳು ವರ್ಷ ಅದೇ ಗೂಡಿನಲ್ಲಿ ಕೂತವರಿದ್ದಾರೆ. ರೂಮಿನ ಬಾಡಿಗೆ, ಮೆಸ್ಸು, ಕೋಚಿಂಗು, ಎಲ್ಲದಕ್ಕೂ ಊರಿಂದ ದುಡ್ಡು ಬರಬೇಕು. ಮನೆಯ ಎತ್ತು ಮಾರಿದರೋ ಕೇಳುವ ಧೈರ್ಯ ನನಗಾಗುವುದಿಲ್ಲ.

545 ಪಿ.ಎಸ್.ಐ. ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲ್ಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಆ ನಡುವೆ ಪ್ರಾಮಾಣಿಕವಾಗಿ ಓದಿ ಬರೆದವರೂ ವಯೋಮಿತಿಯ ಗೆರೆಯ ಕಡೆ ನೋಡುತ್ತ ಇದೇ ಓಣಿಗಳಲ್ಲಿ ಚಹಾ ಕುಡಿದರು. ಅದೇ 2024ರ ಆಗಸ್ಟಿನಲ್ಲಿ ಕೆ.ಎ.ಎಸ್. ಪೂರ್ವಭಾವಿ ಪರೀಕ್ಷೆ. ಕನ್ನಡ ಅನುವಾದ ಹದಗೆಟ್ಟಿತ್ತೆಂದು ಗದ್ದಲವಾಗಿ ಡಿಸೆಂಬರಿನಲ್ಲಿ ಮತ್ತೆ ಬರೆಸಿದರು. ನಮ್ಮ ಕಾಲದಲ್ಲಿ ನೌಕರಿ ಸಿಗದಿರುವುದು ಇತ್ತು, ಆದರೆ ಬರೆದ ಪರೀಕ್ಷೆಯನ್ನೇ ಮತ್ತೆ ಬರೆಯುವ ಈ ಬಗೆಯ ದಣಿವು ನನಗೆ ಹೊಸದು. ಟೈಪಿಂಗಿನಲ್ಲಿ ಕಾಗದ ಹೊರಗೆ ಎಳೆದ ಕೂಡಲೇ ತಪ್ಪು ಎಷ್ಟು, ವೇಗ ಎಷ್ಟು ಎಂದು ಹುಡುಗನಿಗೇ ತಿಳಿಯುತ್ತಿತ್ತು. ನಿನ್ನೆಗಿಂತ ಇವತ್ತು ಮೇಲೋ ಕೆಳಗೋ, ಅದನ್ನು ಯಾರನ್ನೂ ಕೇಳಬೇಕಿರಲಿಲ್ಲ. ಗೂಡಿನಲ್ಲಿ ಕೂತವನಿಗೆ ಕಟ್-ಆಫ್ ಬರುವವರೆಗೆ ತಾನು ಏನು ಕಲಿತೆನೆಂಬುದೇ ಗೊತ್ತಾಗುವುದಿಲ್ಲ. ಬಂದ ಮೇಲೂ ಗೊತ್ತಾಗುವುದು ಉಳಿದವರು ಎಷ್ಟು ಕಲಿತರೆಂಬುದಷ್ಟೇ.

ನಮ್ಮ ಹಳೆಯ ಹಾಲೂ ಈಗ ರೀಡಿಂಗ್ ರೂಮೇ. ಬಾಡಿಗೆ ನನಗೇ ಬರುತ್ತದೆ, ಟೈಪಿಂಗಿನಿಂದ ಯಾವತ್ತೂ ಇಷ್ಟು ಬಂದಿರಲಿಲ್ಲ. ಹೈಕೋರ್ಟಿನ ಪೀಠ 2008ರಲ್ಲಿ ಸಂಚಾರಿಯಾಗಿ, 2013ರಲ್ಲಿ ಕಾಯಂ ಆಗಿ ಧಾರವಾಡಕ್ಕೆ ಬಂದ ಮೇಲೆ ವಕೀಲರ ಆಫೀಸುಗಳಲ್ಲಿ ಬೇಗ ಟೈಪ್ ಮಾಡುವವರಿಗೆ ಮತ್ತೆ ಕೆಲಸ ಹುಟ್ಟಿತು. ಕೋರ್ಟುಗಳ ಟೈಪಿಸ್ಟ್, ಸ್ಟೆನೊ ಹುದ್ದೆಗಳ ಪ್ರಕಟಣೆಯಲ್ಲಿ ಸೀನಿಯರ್ ದರ್ಜೆಯ ಸರ್ಟಿಫಿಕೇಟನ್ನು ಇನ್ನೂ ಕೇಳುತ್ತಾರೆ. ಅದನ್ನು ನೋಡಿದ ಹುಡುಗಿಯರು ಆಗಾಗ ಕೆಳಗಿಳಿದು ಬಂದು ನನ್ನ ಬಾಗಿಲು ಬಡಿಯುತ್ತಾರೆ, ಕನ್ನಡ ಮಶೀನು ಎಲ್ಲಿ ಕಲಿಸ್ತಾರ್ರೀ ಅಂಕಲ್ ಎಂದು. ನಮ್ಮಲ್ಲಿ ಕಲಿತಾಕೆ ಒಬ್ಬಳು ಹುಬ್ಬಳ್ಳಿಯಲ್ಲಿ ಇನ್ನೂ ನಡೆಸುತ್ತಿದ್ದಾಳೆ, ವಿಳಾಸ ಬರೆದುಕೊಡುತ್ತೇನೆ. "ಸಿಕ್ಸ್ತ್ ಸೆಮ್ ಮುಗೀಲಿ, ಆಮ್ಯಾಲೆ ಹೋಗ್ತೀನ್ರಿ" ಎನ್ನುತ್ತಾರೆ. ಮುಗಿದ ಮೇಲೆ ಬ್ಯಾಡವಾ, ಕಿರುಬೆರಳು ಕೂಡಾಕ ಆರು ತಿಂಗಳು ಬೇಕು, ಈಗಲೇ ಹೆಸರು ಹಚ್ಚು ಎಂದು ಹೇಳಿ ಕಳಿಸುತ್ತೇನೆ.